ಕುಟುಂಬ ಸಮೇತ ಬನ್ನಿ

ಹೆತ್ತು ನಾಲ್ಕು ತಿಂಗಳಾದರೂ ಮಗುವನ್ನು ಕಂಡರೆ ನನಗೆ ಪ್ರೀತಿ ಬರಲಿಲ್ಲ, ಭಯ ಬಂತು. ಮನೆಯವರಿಗೆ ಗೊತ್ತಾಗದಂತೆ ಇದನ್ನು ಯಾರಾದರೂ ಒಬ್ಬರಿಗೆ ಹೇಳಬೇಕಿತ್ತು. ಹನ್ನೊಂದು ವಾರ ಕಾದ ಮೇಲೆ ನಾವಿರುವ ನೆದರ್ಲೆಂಡ್ಸಿನ ಐಂಡ್‌ಹೋವನ್‌ನ ಆಪ್ತಸಮಾಲೋಚಕಿ ಮರೈಕೆಯ ಅಪಾಯಿಂಟ್‌ಮೆಂಟ್ ಸಿಕ್ಕಿತು.

ಮರೈಕೆ ದಕ್ಷಿಣ ಏಷ್ಯಾದವರ ಮನಸ್ಸಿನ ಬಗ್ಗೆ ಕೋರ್ಸ್ ಮಾಡಿದವಳು. ಇನ್ನೂರು ಕೋಟಿ ಜನರ ಮನಸ್ಸಿಗೆ ಎರಡು ದಿನದ ಕೋರ್ಸು ಧಾರಾಳವಾಯಿತು. ನಮ್ಮವರು ಯಾವುದನ್ನೂ ಒಬ್ಬೊಬ್ಬರೇ ಮಾಡುವುದಿಲ್ಲವೆಂದು ಅಲ್ಲಿ ಕಲಿಸಿದ್ದರಂತೆ. ಹಾಗಾಗಿ ನನಗೆ ಬಂದ, ನನಗಿಂತ ಮೊದಲು ಗಂಡ ಒಡೆದು ಓದಿದ ಪತ್ರ ಮದುವೆ ಕರೆಯೋಲೆಯಂತಿತ್ತು: ಕುಟುಂಬ ಸಮೇತ ಬನ್ನಿ.

ಕುಟುಂಬ ಬಂತು. ಗಂಡ ಪ್ರತೀಕ್, ಬಾಣಂತನಕ್ಕೆಂದು ಉಡುಪಿಯಿಂದ ಬಂದ ಅತ್ತೆ, ಅತ್ತೆಯ ಮಡಿಲಲ್ಲಿ ಮಗು. ಕುರ್ಚಿ ಸಾಲದೆ ನಾನು ಮೂಲೆಯ ಸ್ಟೂಲಿನ ಮೇಲೆ ಕುಳಿತೆ.

ಹೇಗಿದ್ದೀರಿ ಎಂದು ಮರೈಕೆ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು.

"ಶೀ ಈಸ್ ಫೈನ್," ಎಂದ ಪ್ರತೀಕ್. "ನಿದ್ದೆ ಸ್ವಲ್ಪ ಕಡಿಮೆ, ಅಷ್ಟೆ."

ಅವನು ಅದನ್ನೇ ಅಮ್ಮನಿಗೆ ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆ ಶುರುಮಾಡಿದರು. "ನಿದ್ದೆ ಎಂತಕ್ಕೆ ಇಲ್ಲ? ದಿನಾ ಎಣ್ಣೆ ಹಾಕಿ ಮೀಯಿಸ್ತೇನೆ. ನಂಜಿನದ್ದು ಒಂದೂ ತಿನ್ಲಿಕ್ಕೆ ಕೊಡ್ಲಿಲ್ಲ. ಇವಳಿಗೆ ಇನ್ನೆಂತ ಬೇಕಂತೆ?"

"ಮದರ್ ಈಸ್ ವೆರಿ ಸಪೋರ್ಟಿವ್. ಡೈಲಿ ಆಯಿಲ್ ಬಾತ್," ಎಂದು ಪ್ರತೀಕ್ ಅನುವಾದಿಸಿದ.

ಮರೈಕೆಗೆ ಆನಂದವೋ ಆನಂದ. ಯಾವ ಎಣ್ಣೆ, ಎಷ್ಟು ದಿನ, ಎಲ್ಲ ಬರೆದುಕೊಂಡಳು. ನಲವತ್ತು ನಿಮಿಷದಲ್ಲಿ ಮೂವತ್ತು ತೆಂಗಿನೆಣ್ಣೆಗೇ ಹೋಯಿತು. "ನಿಮ್ಮ ಸಂಸ್ಕೃತಿಯೇ ನಿಮಗೆ ಔಷಧ," ಎಂದು ನನ್ನತ್ತ ನಕ್ಕಳು.

ಅವಳು ಫೈಲು ಮುಚ್ಚಿದಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು. ಇಂಗ್ಲಿಷಿನಲ್ಲಿ ಹೇಳಿದರೆ ಗಂಡನಿಗೆ ತಿಳಿಯುತ್ತದೆ. ಆದರೆ ಎಂಟು ವರ್ಷ ಇಲ್ಲಿದ್ದರೂ ಅವನ ಡಚ್ಚು ಬಸ್ ಡ್ರೈವರಿಗೆ ನಮಸ್ಕಾರ ಹೇಳುವಲ್ಲಿಗೇ ಮುಗಿಯುತ್ತದೆ. ನಾನು ಬಸುರಿಯಾಗಿದ್ದಾಗ ಲೈಬ್ರರಿಯ ತರಗತಿಗೆ ಹೋಗಿ ಒಂದಿಷ್ಟು ಕಲಿತಿದ್ದೆ. ತರಕಾರಿ ಕೊಳ್ಳಲು ಸಾಕಾಗುವಷ್ಟು ಡಚ್ಚಿನಲ್ಲಿ ಹೇಳಿದೆ: "ಮಗುವಿನ ಜೊತೆ ಒಬ್ಬಳೇ ಇರಲು ನನಗೆ ಭಯ. ನಮ್ಮ ಮನೆ ನಾಲ್ಕನೇ ಮಹಡಿ. ಕಿಟಕಿಯ ಹತ್ತಿರ ಹೋಗಬೇಡ ಎಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತೇನೆ."

ಮರೈಕೆಯ ನಗು ಹೋಯಿತು.

"ಎಂತ ಹೇಳಿದ್ದು ಅವಳು?" ಅತ್ತೆ ಕೇಳಿದರು.

"ಥ್ಯಾಂಕ್ಸ್ ಹೇಳಿದ್ದು ಕಾಣ್ತದೆ ಅಮ್ಮ," ಎಂದ ಪ್ರತೀಕ್.

ಮರೈಕೆ ಎದ್ದು ಅವರಿಬ್ಬರನ್ನೂ ಮಗುವಿನೊಂದಿಗೆ ಹೊರಗೆ ಕೂರಿಸಿ ಬಂದಳು. ಪೆನ್ನು ಮುಟ್ಟಲಿಲ್ಲ.

"ಯಾವಾಗಿನಿಂದ?" ಎಂದು ಡಚ್ಚಿನಲ್ಲೇ ಕೇಳಿದಳು.

"ಅವಳು ಹುಟ್ಟಿದ ದಿನದಿಂದ," ಎಂದೆ. ಹೆತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅಳತೊಡಗಿದೆ.