ಒಣಗದ ವಾರ್ನಿಷ್

"ಮುಟ್ಟಬೇಡಿ ಡಾಕ್ಟ್ರೇ, ಇನ್ನೂ ಹಸಿ!"

ಹಲ್ಲಿನ ಡಾಕ್ಟರು ಚಾಚಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡರು. ಊರವರ ಬಾಯಿಗೆಲ್ಲ ಧೈರ್ಯವಾಗಿ ಕೈ ಹಾಕುವ ಮನುಷ್ಯ, ದಾರದಕ್ಕನ ಮನೆಯಲ್ಲಿ ಮಾತ್ರ ಬೈಸಿಕೊಂಡವರ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದರು. ಕಿಟಕಿಯ ಮೊಳೆಗೆ ನೇತುಹಾಕಿದ್ದ ಗಾಳದ ಕೋಲು ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು.

"ಹೋದ ಭಾನುವಾರಾನೂ ಹಸಿ ಅಂದ್ರಿ, ಅತ್ತಿಗೆ."

"ಹೋದ ವಾರ ಬಿಸಿಲೆಲ್ಲಿತ್ತು?"

"ಇತ್ತಲ್ಲ, ನನ್ನ ತಲೆ ಸುಟ್ಟುಹೋಗಿತ್ತು."

"ನಿಮ್ಮ ತಲೆ ಕಂಡ್ರೆ ಬಿಸಿಲಿಗೂ ಸದರ. ಕೂತ್ಕೊಳ್ಳಿ, ಚಹಾ ತರ್ತೀನಿ."

ದಾರದಕ್ಕ ಎಂಬುದು ಅವಳು ಕೆಲಸ ಮಾಡುವ ಬೈಂಡಿಂಗ್ ಅಂಗಡಿಯವರು ಇಟ್ಟ ಹೆಸರು. ಬಿಡಿಬಿಡಿಯಾದ ಹಾಳೆಗಳನ್ನು ಅವಳು ಹೊಲಿದುಕೊಟ್ಟರೆ ಪುಸ್ತಕ ಓದುಗನಿಗಿಂತ ಹೆಚ್ಚು ಕಾಲ ಬಾಳುತ್ತಿತ್ತು. ಕೋಲು ಅವಳ ಗಂಡನದು, ಅವನಿಗೆ ಸೋದರಮಾವನಿಂದ ಬಂದದ್ದು. ಬಿದಿರನ್ನು ಸೀಳಿ, ಆರು ಪಟ್ಟಿಗಳನ್ನು ನಯವಾಗಿ ಹೆರೆದು, ಒಂದಕ್ಕೊಂದು ಅಂಟಿಸಿ ಮಾಡಿದ ಹಳೇ ಕಾಲದ ಕೋಲು. ದೂರದಿಂದ ನೋಡಿದರೆ ಒಂದೇ ಬಿದಿರು; ಬೆರಳಲ್ಲಿ ಉರುಳಿಸಿದರೆ ಪೆನ್ಸಿಲ್ಲಿನ ಹಾಗೆ ಆರು ಮೂಲೆ. ಗಾಳದ ದಾರ ಹಾಯುವ ಪುಟ್ಟ ಉಂಗುರಗಳನ್ನು ಅದಕ್ಕೆ ರೇಷ್ಮೆ ನೂಲಿನಿಂದ ಬಿಗಿಯಾಗಿ ಸುತ್ತಿ, ಮೇಲೆ ವಾರ್ನಿಷ್ ಬಳಿಯಬೇಕು. ಮದುವೆಯಾದಾಗಿನಿಂದ ಆ ಕೆಲಸ ಅವಳದು, ಮೀನು ಹಿಡಿಯುವ ಕೆಲಸ ಅವನದು. ಭಾನುವಾರ ಬಂತೆಂದರೆ ಅವನೂ ಡಾಕ್ಟರೂ ಹೊಳೆಗೆ. ಆ ಹೊಳೆ ಹೇಗಿದೆಯೆಂದು ಅವಳು ನೋಡಿರಲಿಲ್ಲ. ಅವನು ಕರೆದಿರಲಿಲ್ಲ, ಅವಳು ಕೇಳಿರಲಿಲ್ಲ.

ಕೊನೆಗೆ ಆಸ್ಪತ್ರೆಯ ಮಂಚದ ಮೇಲೆ ಗಂಡ ಈ ಹಲ್ಲಿನ ಡಾಕ್ಟರ ಕೈ ಹಿಡಿದು, "ಕೋಲು ನಿನಗೆ" ಎಂದ. ಪಕ್ಕದಲ್ಲೇ ನಿಂತಿದ್ದ ಹೆಂಡತಿಗೆ ಏನೂ ಹೇಳಲಿಲ್ಲ. ಅದರಲ್ಲಿ ವಿಶೇಷವೂ ಇರಲಿಲ್ಲ. ಮನೆಯಲ್ಲಿ ಆತ ಮಾತನ್ನು ಮಾತ್ರೆಯ ಹಾಗೆ ಹೊತ್ತಿಗೊಂದರಂತೆ ಬಳಸಿದವನು.

ಅವನು ತೀರಿಕೊಂಡ ಮೇಲೆ ಡಾಕ್ಟರು ಕೋಲು ಒಯ್ಯಲು ಬಂದ ದಿನ, "ಉಂಗುರ ಸಡಿಲಾಗಿವೆ, ಹೊಸದಾಗಿ ಸುತ್ತಿ ಕೊಡ್ತೀನಿ" ಎಂದು ಅವಳು ಹೇಳಿದ್ದು ಮನಸಾರೆಯೇ. ಮುಂದಿನ ಭಾನುವಾರ ಬಂದವರು ಚಹಾ ಕುಡಿಯುತ್ತ, ಮಾತಿಗೆ ಮಾತು ಬಂದು, ಅವಳ ಗಂಡ ಹೊಳೆಯ ದಡದಲ್ಲಿ ಒಂದು ಎಮ್ಮೆಗೆ ಚುನಾವಣಾ ಭಾಷಣ ಬಿಗಿದ ಕತೆ ಹೇಳಿದರು. ದಾರದಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೋಲಿನ ನೆನಪು ಅವತ್ತು ಇಬ್ಬರಿಗೂ ಆಗಲಿಲ್ಲ. ಮಾರನೆಯ ಸಂಜೆ ಕೆಲಸದಿಂದ ಬಂದವಳೇ, ಒಣಗಿ ಕಲ್ಲಾಗಿದ್ದ ವಾರ್ನಿಷ್ ಮೇಲೆ ಬ್ಲೇಡು ಆಡಿಸಿ ನೂಲನ್ನೆಲ್ಲ ಬಿಚ್ಚಿಹಾಕಿದಳು. ಶನಿವಾರ ಮತ್ತೆ ಸುತ್ತಿ, ಮತ್ತೆ ಬಳಿದಳು. ಹೀಗಾಗಿ ಭಾನುವಾರದ "ಹಸಿ" ಎಂಬ ಮಾತು ಸುಳ್ಳೂ ಆಗುತ್ತಿರಲಿಲ್ಲ.

ಅಲ್ಲಿಂದ ಅವಳಿಗೆ ವಾರಕ್ಕೊಬ್ಬ ಹೊಸ ಗಂಡ ಸಿಗತೊಡಗಿದ. ಹಾಡು ಹೇಳುವ ಗಂಡ. ತಪ್ಪಿಸಿಕೊಂಡ ಮೀನಿನ ಜೊತೆ ಜಗಳಕ್ಕಿಳಿಯುವ ಗಂಡ. "ನನ್ನ ಹೆಂಡತಿ ಸುತ್ತಿದ್ದು, ಆನೆ ಎಳೆದರೂ ಬಿಡಲ್ಲ" ಎಂದು ದಾರಿಹೋಕರಿಗೆಲ್ಲ ಕೋಲು ತೋರಿಸುವ ಗಂಡ. ಈ ಕೊನೆಯವನನ್ನು ಅವಳು ವಾರವಿಡೀ ಜೊತೆಗಿಟ್ಟುಕೊಂಡು ತಿರುಗಿದಳು. ಕೋಲು ಹೋದರೆ ಡಾಕ್ಟರು ಬರುವುದಿಲ್ಲ. ಡಾಕ್ಟರು ಬರದಿದ್ದರೆ ಇವರ್‍ಯಾರೂ ಬರುವುದಿಲ್ಲ.

ಅವಳು ಚಹಾ ತರುವಷ್ಟರಲ್ಲಿ ಡಾಕ್ಟರು ಕನ್ನಡಕ ಏರಿಸಿ, ಕೈ ಹಿಂದಕ್ಕೆ ಕಟ್ಟಿ, ಯಾರದೋ ಬಾಯೊಳಗೆ ಇಣುಕುವವರ ಹಾಗೆ ಕೋಲಿನತ್ತ ಬಾಗಿದ್ದರು.

"ಅತ್ತಿಗೆ, ದಾರ ಎಲ್ಲಿ?"

"ಯಾವ ದಾರ?"

"ಹೋದ ವಾರ ಕೆಂಪು ದಾರ ಇತ್ತು. ಈಗ ನೋಡಿದ್ರೆ ಉಂಗುರ ಸುಮ್ಮನೆ ಬಿದಿರಿಗೆ ಅಂಟ್ಕೊಂಡಿದೆ."

ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಕೆಂಪು ನೂಲು ಮುಗಿದಿತ್ತು. ಅಂಗಡಿಯಿಂದ ತಿಳಿಹಳದಿ ತಂದಿದ್ದಳು. ತಿಳಿಬಣ್ಣದ ರೇಷ್ಮೆಗೆ ಮೊದಲು ತೆಳ್ಳಗೆ ಅಂಟು ಸವರಿ ಒಣಗಿಸಬೇಕು. ಇಲ್ಲವಾದರೆ ಅದು ವಾರ್ನಿಷ್ ಕುಡಿದು ಗಾಜಿನಂತಾಗಿ, ಇದ್ದೂ ಕಾಣುವುದಿಲ್ಲ. ಹೊಸ ಮದುವಣಗಿತ್ತಿಯಾಗಿದ್ದಾಗ ಒಮ್ಮೆ ಮಾಡಿದ್ದ ತಪ್ಪು. ನಿನ್ನೆ ಅವಸರದಲ್ಲಿ ಮತ್ತೆ ಆಗಿತ್ತು.

"ಹಳದಿ ಹಾಕಿದ್ದೆ. ಮಾಯವಾಯ್ತು," ಎಂದಳು.

"ಕೆಂಪನ್ನ ಬಿಚ್ಚಿ?"

"ಹೂಂ."

"ಅದರ ಹಿಂದಿನ ವಾರದ್ದನ್ನೂ?"

"ಸಕ್ಕರೆ ಸಾಕಾ ನೋಡಿ."

ಡಾಕ್ಟರು ಕೂತರು. ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ವಾರ್ನಿಷ್ ಇಷ್ಟು ದಿನ ಹಸಿ ಇರಲ್ಲ ಅಂತ ನನಗೂ ಗೊತ್ತು ಅತ್ತಿಗೆ. ನಮ್ಮನೆ ಬಾಗಿಲಿಗೆ ನಾನೇ ಬಳಿದಿದ್ದೀನಿ."

"ಗೊತ್ತಿದ್ದೂ ಬರ್ತಿದ್ರಾ?"

"ಇನ್ನೇನ್ ಮಾಡ್ಲಿ? ಭಾನುವಾರ ಯಾರಿಗೂ ಹಲ್ಲು ನೋಯಲ್ಲ."

ದಾರದಕ್ಕ ಚೇತರಿಸಿಕೊಂಡಳು. "ಸರಿ. ಇವತ್ತೊಂದು ಕತೆ ಹೇಳಿ, ಕೋಲು ತಗೊಂಡು ಹೋಗಿ."

"ಕತೆ ಮುಗಿದ್ವು."

"ಇಷ್ಟು ಬೇಗ?"

"ಯಾವತ್ತೋ ಮುಗಿದ್ವು. ಹೇಳ್ಬೇಕಂದ್ರೆ ಎಮ್ಮೇದು ಒಂದೇ ನಿಜ. ಅದೂ ಭಾಷಣ ಅಲ್ಲ. 'ಹೋಗಾಚೆ' ಅಂದ, ಅಷ್ಟೇ."

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದೂ ಒದ್ದೂ ಸೋಲುತ್ತಿದ್ದರು.

"ಹಾಡು?"

"ನಂದು. 'ಬಾಯ್ಮುಚ್ಚು, ಮೀನು ಓಡುತ್ತೆ' ಅಂತ ಬೈತಿದ್ದ. ಈ ಕೋಲಿನ ಸ್ವಭಾವಾನೂ ನಿಧಾನ ಅತ್ತಿಗೆ. ಸಣ್ಣ ನೀರಿಗೆ, ಸಣ್ಣ ಮೀನಿಗೆ ಅಂತ ಮಾಡಿದ್ದು. ಹಿಂದಕ್ಕೆ ಬೀಸಿದ ದಾರ ಪೂರ್ತಿ ಚಾಚಿಕೊಳ್ಳೋವರೆಗೂ ತಡೀಬೇಕು, ಆಮೇಲೆ ಮುಂದಕ್ಕೆ. ನನಗೆ ತಡಿಯೋಕೆ ಬರಲ್ಲ. ಅವನು ದಿನವೆಲ್ಲ ತಡೀತಿದ್ದ, ಒಂದು ಮಾತಿಲ್ಲದೆ."

ದಾರಿಹೋಕರಿಗೆ ಕೋಲು ತೋರಿಸುತ್ತಿದ್ದವನ ಬಗ್ಗೆ ಅವಳು ಕೇಳಲಿಲ್ಲ. ಕೇಳದಿದ್ದರೆ ಅವನೊಬ್ಬನಾದರೂ ಉಳಿದಾನು.

ಅವಳೇ ಕೋಲನ್ನು ಇಳಿಸಿ, ಕೀಲುಗಳಲ್ಲಿ ಬಿಡಿಸಿ, ಹಸಿ ಜಾಗಗಳಿಗೆ ಎಣ್ಣೆಕಾಗದ ಸುತ್ತಿ, ಬಟ್ಟೆಯ ಚೀಲಕ್ಕೆ ಸೇರಿಸಿದಳು. ಡಾಕ್ಟರು ಚೀಲದೊಳಗಿಂದ ಒಂದು ತೆಳ್ಳನೆಯ ತುಂಡನ್ನು ಹೊರಗೆಳೆದರು. ಇಂಥ ಕೋಲಿಗೆ ತುದಿ ಎರಡಿರುತ್ತವೆ. ಒಂದು ವಾರ ಇದು, ಇನ್ನೊಂದು ವಾರ ಅದು, ಎರಡೂ ಸಮನಾಗಿ ಸವೆಯಲಿ ಎಂದು.

"ಇದರ ಉಂಗುರಾನೂ ಅಲ್ಲಾಡ್ತಿದೆ," ಎಂದು ಮೇಜಿನ ಮೇಲಿಟ್ಟರು.

ಅಲ್ಲಾಡುತ್ತಿರಲಿಲ್ಲ.

"ಸುತ್ತಿಡ್ತೀನಿ," ಎಂದಳು.

"ಅವಸರ ಇಲ್ಲ." ಚೀಲವನ್ನು ಕೊಡೆಯ ಹಾಗೆ ಕಂಕುಳಲ್ಲಿಟ್ಟುಕೊಂಡು ಡಾಕ್ಟರು ಮೆಟ್ಟಿಲಿಳಿದರು.

ಮುಂದಿನ ಭಾನುವಾರ ಒಳ್ಳೆಯ ಬಿಸಿಲಿತ್ತು, ಹೊಳೆಗೆ ಹೋಗುವವರಿಗೆ ಹೇಳಿ ಮಾಡಿಸಿದಂಥದು. ದಾರದಕ್ಕ ಒಂದು ಲೋಟ ಚಹಾ ಮಾಡಿಕೊಂಡು ಕಿಟಕಿಯ ಬಳಿ ಕೂತಳು. ಮೊಳೆಯಲ್ಲಿ ತುದಿಯೊಂದೇ ತಿರುಗುತ್ತಿತ್ತು. ಉಳಿದ ಹಳದಿಯನ್ನೇ ಸುತ್ತಿದ್ದಳು, ಈ ಸಲ ಅಂಟನ್ನು ಬೇಕೆಂದೇ ಬಿಟ್ಟು. ಉಂಗುರಗಳು ಯಾವ ಆಸರೆಯೂ ಇಲ್ಲದೆ ಬಿದಿರಿನ ಮೇಲೆ ನಿಂತಂತೆ ಕಾಣುತ್ತಿದ್ದವು. ಅವಳು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಒಣಗಿತ್ತು. ಅದರ ಅಡಿಯಲ್ಲಿ ನೂಲು, ಸುತ್ತು ಸುತ್ತಾಗಿ, ಬೆರಳಿಗೆ ತಾಗಿತು.