ಉಪ್ಪಾಯ್ತು

ಬೀದಿಯ ತಿರುವಿನಲ್ಲೊಂದು ಬೇಕರಿ. ಬೆಳಕು ಹರಿಯುವ ಮೊದಲೇ ಅದರ ಚಿಮಣಿಯಿಂದ ಹೊರಟ ಬ್ರೆಡ್ಡಿನ ಪರಿಮಳ ಮನೆಮನೆಯ ಕಿಟಕಿಯೊಳಗೆ ನುಸುಳಿ, ಮಲಗಿದ್ದವರ ಕನಸಿನಲ್ಲೂ ಒಂದು ಸುತ್ತು ಹಾಕಿ ಬರುತ್ತಿತ್ತು. ಅಂಥ ಬೇಕರಿಯ ಬ್ರೆಡ್ಡು ಒಂದು ದಿನ ಉಪ್ಪುಪ್ಪಾಗಿತ್ತು. ಮರುದಿನ ಸಪ್ಪೆ. ಅದರ ಮರುದಿನ ಮತ್ತೆ ಬಾಯಿಗಿಡಲಾಗದಷ್ಟು ಉಪ್ಪು.

ಬೇರೆ ಕಾಲವಾಗಿದ್ದರೆ ಜನ "ಏನಕ್ಕಾ, ಕೈ ಜಾರ್ತಾ?" ಎಂದು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಚುನಾವಣೆ ಆಗಷ್ಟೇ ಮುಗಿದಿತ್ತು. ಗೋಡೆಗಳ ಮೇಲೆ ಪೋಸ್ಟರುಗಳು ಅರ್ಧ ಹರಿದು ನೇತಾಡುತ್ತಿದ್ದವು, ಜನರ ಮನಸ್ಸೂ ಹಾಗೇ ಇತ್ತು. ಗೆದ್ದ ಕಡೆಯವರು, "ನೋಡ್ರೀ, ಸೋತವರ ಹೊಟ್ಟೆಕಿಚ್ಚು. ನಮ್ ಬ್ರೆಡ್ಡಿಗೆ ಬೇಕಂತ್ಲೇ ಉಪ್ಪು ಸುರಿದಿದಾರೆ" ಎಂದರು. ಸೋತ ಕಡೆಯವರು, "ಗಾಯಕ್ಕೆ ಉಪ್ಪು ಸವರೋದು ಅಂದ್ರೆ ಇದೇ" ಎಂದರು. ಎರಡೂ ಕಡೆಗೆ ಹೋದದ್ದು ಒಂದೇ ಒಲೆಯ ಬ್ರೆಡ್ಡು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ನಿಜವಾದ ಕಾರಣ ಬೇಕರಿಯ ಒಳಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ, ಅಕ್ಕ ಮತ್ತು ತಮ್ಮ. ಊರಿಗೆಲ್ಲ ಅವಳು 'ಬೇಕರಿ ಅಕ್ಕ'. ಹಿಟ್ಟು ನಾದುವ ಉದ್ದನೆಯ ಮರದ ತೊಟ್ಟಿಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಹಿಟ್ಟೂ ಬಿಳಿ, ಉಪ್ಪೂ ಬಿಳಿ. ಬಿದ್ದ ಮೇಲೆ ಕಣ್ಣಿಗೆ ಕಾಣದು. ಆದ್ದರಿಂದ ಯಾರು ಉಪ್ಪು ಹಾಕಿದರೂ ಗಟ್ಟಿಯಾಗಿ "ಉಪ್ಪಾಯ್ತು" ಎನ್ನಬೇಕು. ಇನ್ನೊಬ್ಬರು "ಕೇಳ್ತು" ಎನ್ನಬೇಕು. ಇದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ.

ಫಲಿತಾಂಶ ಬಂದ ದಿನದಿಂದ ಆ ಎರಡು ಮಾತು ನಿಂತುಹೋಗಿದ್ದವು.

ಅಕ್ಕ ಬೆಂಬಲಿಸಿದ ಪಕ್ಷ ಸೋತಿತ್ತು, ತಮ್ಮನದು ಗೆದ್ದಿತ್ತು. ಅವನು ಒಲೆಗೆ ಸೌದೆ ತುಂಬುತ್ತಾ ಸಿಳ್ಳೆ ಹಾಕಿದ, ಅಷ್ಟೇ. ಅವಳಿಗೆ ಉರಿದುಹೋಯಿತು. "ನಿನ್ನಂಥೋರಿಂದ್ಲೇ ಊರು ಹಾಳಾಗಿದ್ದು" ಎಂದಳು. "ನಿನ್ನ ತಲೇಲಿ ಬರೀ ಹಿಟ್ಟೇ ತುಂಬಿರೋದು" ಎಂದ ಅವನು. ಮಾತಿಗೆ ಮಾತು ಬೆಳೆಯಿತು, ಬಾಗಿಲು ಧಡಾರನೆ ಬಿತ್ತು. ಆಮೇಲೆ ಇಬ್ಬರೂ ಮೂಕರಂತೆ ನಾದಿದರು. ಅವನು ಹಾಕಿರಬಹುದು ಎಂದು ಅವಳು ಬಿಟ್ಟ ದಿನ, ಅವಳು ಹಾಕಿರಬಹುದು ಎಂದು ಅವನೂ ಬಿಟ್ಟ. ಹಾಕಿರಲಿಕ್ಕಿಲ್ಲ ಎಂದುಕೊಂಡ ದಿನ ಇಬ್ಬರೂ ಹಾಕಿದರು.

ಇದಕ್ಕಿಂತ ಕೆಟ್ಟ ಸುದ್ದಿಯೊಂದು ಕಟಿಂಗ್ ಅಂಗಡಿಯಿಂದ ಬಂತು. ತಮ್ಮ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ ನೋಡಿಕೊಂಡಿದ್ದಾನೆ, ಸೋಮವಾರ ಹೊರಡುತ್ತಾನೆ ಎಂದು. ಅಕ್ಕ ಕೇಳಿಸಿಕೊಂಡು, "ಹೋದ್ರೆ ಹೋಗ್ಲಿ, ಯಾರು ಬೇಡ ಅಂದೋರು" ಎಂದಳು. ಅಂದವಳು ಗೋಡೆಯ ಕಡೆ ತಿರುಗಿ ಸುಮ್ಮನೆ ಒಂದು ತಟ್ಟೆಯನ್ನು ಒರೆಸುತ್ತಲೇ ನಿಂತಳು. ಅವನಿಲ್ಲದ ತೊಟ್ಟಿಯ ಆ ತುದಿಯನ್ನು ಅವಳಿಗೆ ನೆನೆಸಿಕೊಳ್ಳಲೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೊರಟಿದ್ದ ನರ್ಸಮ್ಮ ಬ್ರೆಡ್ಡು ತೆಗೆದುಕೊಳ್ಳಲು ಬಂದರು. ದುಡ್ಡು ಕೊಡುವುದನ್ನು ಬಿಟ್ಟು ಅಕ್ಕನ ಮುಖವನ್ನೇ ನೋಡಿದರು.

"ಅಕ್ಕಾ, ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

"ನಿದ್ದೆ ಬರುತ್ತೆ ನರ್ಸಮ್ಮ, ಇರೋದಿಲ್ಲ. ಕಣ್ಣು ಮುಚ್ಚಿದ್ರೆ ಸಾಕು, ತಲೆಯೊಳಗೆ ವಾದ ಶುರುವಾಗುತ್ತೆ. ಅವನು ಹಿಂಗಂದ್ರೆ ನಾನು ಹಂಗನ್ನಬೇಕಿತ್ತು ಅಂತ. ಕುತ್ತಿಗೆ ಹಲಗೆ ಆಗಿದೆ. ಎದೆ ಡವಡವ ಅನ್ನುತ್ತೆ."

"ಎದೆ ನೋವಿದೆಯಾ? ಕೈಗೆ, ದವಡೆಗೆ ಎಳೆಯುತ್ತಾ? ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಾ?"

"ಅದೆಲ್ಲ ಇಲ್ಲ."

"ಇದ್ದಿದ್ರೆ ಈಗಲೇ ಕೈ ಹಿಡ್ಕೊಂಡು ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ. ಆದ್ರೂ ಸಂಜೆ ಬನ್ನಿ, ಬೀಪಿ ನೋಡೋಣ. ಇದು ಮನಸ್ಸಿನ ಒತ್ತಡ ಅನ್ಸುತ್ತೆ. ಈ ಸಲ ಎಷ್ಟೋ ಜನಕ್ಕೆ ಹಿಂಗೇ ಆಗಿದೆ. ಗೆದ್ದೋರೂ ಬರ್ತಿದಾರೆ, ಸೋತೋರೂ ಬರ್ತಿದಾರೆ. ಕುತ್ತಿಗೆ ನೋವಿಗೆ ಪಕ್ಷ ಇಲ್ಲ."

ಅಕ್ಕ ಮೂಗು ಮುರಿದಳು. "ಒತ್ತಡ ಗಿತ್ತಡ ಎಲ್ಲ ಕೂತು ಉಣ್ಣೋರಿಗೆ. ನಮ್ಮಂಥ ದುಡಿಯೋರಿಗೆ ಎಲ್ಲಿಂದ ಬರಬೇಕು?"

"ದುಡಿಯೋರಿಗೇನು ಮನಸ್ಸಿಲ್ವಾ? ಆ ಕೈಲಿರೋದೇನು?"

ಕೈಯಲ್ಲಿದ್ದದ್ದು ಫೋನು. ಹಿಟ್ಟಿನ ಬೆರಳು ಓಡಾಡಿ ಓಡಾಡಿ ಅದರ ಮುಖವೆಲ್ಲ ಬೆಳ್ಳಗಾಗಿತ್ತು. ಯಾರೋ ಯಾರನ್ನೋ ಬೈಯುವ ವಿಡಿಯೋ ಅದರಲ್ಲಿ ತನ್ನಷ್ಟಕ್ಕೆ ಓಡುತ್ತಿತ್ತು.

"ಇದನ್ನ ನೋಡದಿದ್ರೆ ಲೋಕದಲ್ಲಿ ಏನಾಗ್ತಿದೆ ಅಂತ ತಿಳಿಯೋದು ಹೆಂಗೆ?" ಎಂದಳು ಅಕ್ಕ.

"ತಿಳ್ಕೊಳ್ಳಿ, ಯಾರು ಬೇಡ ಅಂದ್ರು? ದಿನಕ್ಕೊಂದು ಹೊತ್ತು ಗೊತ್ತು ಮಾಡ್ಕೊಂಡು ಸುದ್ದಿ ನೋಡಿ, ಮುಚ್ಚಿಡಿ. ಮಲಗೋ ಕೋಣೆಗೆ ಮಾತ್ರ ಫೋನ್ ಬೇಡ. ನಮ್ಮನೇಲಿ ಟೀವಿ ರಿಮೋಟು ಈಗ ಅಕ್ಕಿ ಡಬ್ಬೀಲಿದೆ. ನಮ್ಮ ಯಜಮಾನ್ರು ಮೂರು ದಿನ ಹುಡುಕಿ, ಕೊನೆಗೆ ನನ್ನ ಹತ್ರ ಮಾತಾಡೋಕೆ ಶುರು ಮಾಡಿದ್ರು ಪಾಪ."

ಅಕ್ಕನಿಗೆ ನಗು ಬಂತು. ಬಂದ ನಗುವನ್ನು ಒಳಗೇ ನುಂಗಿಕೊಂಡಳು.

ನರ್ಸಮ್ಮ ತೊಟ್ಟಿಯ ಕಡೆ ನೋಡಿದರು. "ನಾದೋವಾಗ ಉಸಿರು ಹೆಂಗೆ ತಗೋತೀರಿ?"

"ಹೆಂಗಂದ್ರೆ? ಮೂಗಲ್ಲಿ."

"ತಮಾಷೆ ಸಾಕು. ಬನ್ನಿ, ನಾದಿ. ಹಿಟ್ಟನ್ನ ನಿಮ್ಮ ಕಡೆ ಎಳೆಯೋವಾಗ ಉಸಿರು ಒಳಗೆ. ಮುಂದಕ್ಕೆ ನೂಕೋವಾಗ ಹೊರಗೆ, ನಿಧಾನ. ತಗೊಂಡಿದ್ದಕ್ಕಿಂತ ಬಿಡೋದು ಉದ್ದ ಇರಲಿ. ಹಲ್ಲು ಕಚ್ಚಬೇಡಿ, ಭುಜ ಇಳಿಸಿ. ತಲೇಲಿ ವಾದ ಬಂದ್ರೆ ಬಂತು ಅನ್ನಿ, ಮತ್ತೆ ಕೈ ಕಡೆ ನೋಡಿ."

"ಇಷ್ಟೇನಾ? ಇದಕ್ಕೆ ನೀವು ನರ್ಸಿಂಗ್ ಓದಬೇಕಿತ್ತಾ?"

"ಇಷ್ಟು ಮಾಡಿ ತೋರಿಸಿ ಮೊದಲು. ಕೆಲಸ ಮುಗಿದ ಮೇಲೆ ಹೊಳೆ ದಂಡೇಲಿ ಸ್ವಲ್ಪ ನಡೀರಿ. ಇಷ್ಟೆಲ್ಲ ಮಾಡಿಯೂ ಎರಡು ವಾರದ ಮೇಲೂ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ ಅಂದ್ರೆ ಡಾಕ್ಟರ ಹತ್ರ ಹೋಗೋಣ. ಬದುಕು ಬೇಡ ಅನ್ನಿಸಿದ್ರಂತೂ ಎರಡು ವಾರ ಕಾಯೋದೇ ಬೇಡ, ಆವತ್ತೇ ನನ್ನ ಬಾಗಿಲು ತಟ್ಟಿ. ಅದರಲ್ಲಿ ನಾಚಿಕೆ ಏನೂ ಇಲ್ಲ." ಬಾಗಿಲಿನ ಹತ್ತಿರ ಹೋದವರು ತಿರುಗಿ ನಿಂತರು. "ಇನ್ನೊಂದು ಮಾತು. ನಿಮ್ಮ ಬ್ರೆಡ್ಡಿಗೆ ಬಂದಿರೋದು ಉಪ್ಪಿನ ಕಾಯಿಲೆ ಅಲ್ಲ. ಮಾತಿನ ಕಾಯಿಲೆ."

ಆ ಸಂಜೆ ಅಕ್ಕ ಬೀಪಿ ತೋರಿಸಿಕೊಂಡು ಬಂದಳು. ಸ್ವಲ್ಪ ಏರಿತ್ತು, ಗಾಬರಿಯಾಗುವಷ್ಟಲ್ಲ, ವಾರ ಬಿಟ್ಟು ಮತ್ತೆ ನೋಡೋಣ ಎಂದರು ನರ್ಸಮ್ಮ. ಅವಳು ಫೋನನ್ನು ಅಂಗಡಿಯ ಖಾಲಿ ಬಿಸ್ಕತ್ತು ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು. ಮೊದಲು ಸ್ವಲ್ಪ ಹೊತ್ತು ಕೈ ಸುಮ್ಮನೆ ಇರಲಿಲ್ಲ. ಡಬ್ಬಿಯೊಳಗೆ ಅದು ಗುಂಯ್ ಎಂದಾಗಲೆಲ್ಲ ಇವಳ ಎದೆಯೂ ಗುಂಯ್ ಎಂದಿತು. ಒಮ್ಮೆ ಮುಚ್ಚಳ ತೆಗೆದೇಬಿಟ್ಟಳು, ಮತ್ತೆ ತನ್ನನ್ನು ತಾನೇ ಬೈದುಕೊಂಡು ಮುಚ್ಚಿದಳು.

ಮರುದಿನ ತಮ್ಮ ಸೌದೆ ತರಲು ಹೋದಾಗ, ಎರಡನೇ ಸರದಿಯ ಹಿಟ್ಟು ನಾದುತ್ತಾ ನರ್ಸಮ್ಮ ಹೇಳಿದಂತೆ ಮಾಡಿದಳು. ಎಳೆದಳು, ಉಸಿರು ಒಳಗೆ. ನೂಕಿದಳು, ಉಸಿರು ಹೊರಗೆ. ಮೊದಮೊದಲು ಪ್ರತಿ ನೂಕಿಗೂ ಯಾರಾದರೊಬ್ಬರಿಗೆ ಉತ್ತರ ಕೊಡುತ್ತಿದ್ದಳು. ಆಮೇಲೆ ಉತ್ತರಗಳು ಒಂದೊಂದಾಗಿ ಎಲ್ಲೋ ದೂರ ಸರಿದವು. ಕಿಟಕಿಯಿಂದ ಬಿಸಿಲಿನ ಒಂದು ಕೋಲು ಓರೆಯಾಗಿ ಒಳಬಂತು. ಅದರೊಳಗೆ ಹಿಟ್ಟಿನ ಧೂಳು ಎದ್ದು, ಅವಸರವಿಲ್ಲದೆ ತೇಲಿ, ಇಳಿಯಿತು. ಇಷ್ಟು ವರ್ಷ ಈ ಧೂಳು ಇಲ್ಲೇ ಇತ್ತಲ್ಲ, ತಾನು ಯಾವಾಗ ನೋಡುವುದನ್ನು ಬಿಟ್ಟೆ ಎಂದು ಅವಳಿಗೆ ಅಚ್ಚರಿಯಾಯಿತು.

ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ಅದು ಉಬ್ಬುವ ತನಕ ಮೂಟೆಗೊರಗಿ ಕುಳಿತಳು. ಒಲೆಯ ಕಾವು ಕಾಲಿಗೆ ತಾಗುತ್ತಿತ್ತು. ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ಇಡೀ ಬೀದಿಯೇ ಆ ಬಟ್ಟೆಯ ಕೆಳಗೆ ಮಲಗಿದಂತೆ ಕಂಡಿತು. ಗೆದ್ದವರು, ಸೋತವರು, ಮೈಕು ಹಿಡಿದು ಕೂಗಿದವರು, ಎಲ್ಲರೂ ಮೆತ್ತಗೆ ಉಸಿರಾಡುತ್ತಿದ್ದರು. ಹರಿದ ಪೋಸ್ಟರುಗಳು ಗೋಡೆ ಬಿಟ್ಟು ಹಿಟ್ಟಿನ ಧೂಳಾಗಿ ಉದುರುತ್ತಿದ್ದವು. ತೊಟ್ಟಿಯ ಆ ತುದಿಯಲ್ಲಿ ಚಿಕ್ಕ ತಮ್ಮ, ಸ್ಟೂಲು ಹತ್ತಿ ನಿಂತು, ಮೂಗಿನ ತುದಿಗೆ ಹಿಟ್ಟು ಮೆತ್ತಿಕೊಂಡು, ಏನೋ ಕೂಗುತ್ತಿದ್ದ. ಅವನ ಬಾಯಿ ಆಡುತ್ತಿತ್ತು. ಅವಳಿಗೆ ಕೇಳಿಸುತ್ತಿರಲಿಲ್ಲ.

ಎಚ್ಚರವಾದಾಗ ಹಿಟ್ಟು ಬಟ್ಟೆಯನ್ನೇ ಎತ್ತಿಕೊಂಡು ನಿಂತಿತ್ತು. ಅವಳ ಕೆನ್ನೆ ಒದ್ದೆಯಾಗಿತ್ತು. ತಮ್ಮ ಹೋಗಿಬಿಟ್ಟರೆ ತಾನು ಗೆದ್ದರೆಷ್ಟು, ಸೋತರೆಷ್ಟು ಎನ್ನಿಸಿತು.

ಮರುದಿನ ಭಾನುವಾರ. ತಮ್ಮನ ಕೊನೆಯ ದಿನ. ಇಬ್ಬರೂ ಎಂದಿನಂತೆ ತೊಟ್ಟಿಗೆ ಹಿಟ್ಟು ಸುರಿದರು, ಸಕ್ಕರೆ, ಈಸ್ಟ್ ಹಾಕಿ ನೀರು ಹೊಯ್ದರು. ಅಕ್ಕ ಬಟ್ಟಲು ಎತ್ತಿ ಉಪ್ಪು ಹಾಕಿದಳು. ಹಿಟ್ಟನ್ನು ಒಮ್ಮೆ ತನ್ನ ಕಡೆ ಎಳೆದಳು, ಉಸಿರು ತೆಗೆದುಕೊಂಡಳು. ನೂಕಿದಳು. ಆ ಉಸಿರಿನ ಜೊತೆಗೇ ಮಾತು ಹೊರಬಂತು.

"ಉಪ್ಪಾಯ್ತು."

ಆ ತುದಿಯಲ್ಲಿ ಕೈ ನಿಂತಿತು. ಒಲೆಯೊಳಗೆ ಸೌದೆ ಚಟಪಟ ಎಂದಿತು. ಅಕ್ಕ ತಲೆ ಎತ್ತಲಿಲ್ಲ.

"ಕೇಳ್ತು" ಎಂದ ತಮ್ಮ. ಆಮೇಲೆ ಮೆಲ್ಲಗೆ, "ಆದ್ರೆ ಅಕ್ಕಾ... ನಾನೂ ಹಾಕಿದೀನಿ" ಎಂದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಹಿಟ್ಟಿನ ಚೂರೊಂದನ್ನು ನಾಲಿಗೆಗೆ ಇಟ್ಟು ಮುಖ ಹಿಂಡಿದಳು. ಅದನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಆಗಲಿಲ್ಲ. ನಗುತ್ತಾ ನಗುತ್ತಾ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಮುಖವೆಲ್ಲ ಹಿಟ್ಟಾಯಿತು.

"ಅವತ್ತು ನಾನು ಹಂಗನ್ನಬಾರದಿತ್ತು ಕಣೋ. ನೀನು ಊರು ಹಾಳು ಮಾಡೋನಲ್ಲ. ಹಿಟ್ಟು ಹಾಳು ಮಾಡೋನು."

"ನಿನ್ನ ತಲೇಲಿರೋದು ಬರೀ ಹಿಟ್ಟಲ್ಲ ಅಕ್ಕಾ. ಉಪ್ಪೂ ಇದೆ." ಅವನು ತೊಟ್ಟಿಯೊಳಗೆ ನೋಡಿದ. "ಈಗ ಇದನ್ನ ಎಸೆಯೋದಾ?"

"ಎಸೆಯೋದ್ಯಾಕೆ? ಇನ್ನೊಂದು ಇಷ್ಟೇ ಹಿಟ್ಟು ಸುರಿ, ನೀರು ತಾ, ಸಕ್ಕರೆ, ಈಸ್ಟ್ ತಾ. ಇಬ್ಬರ ಉಪ್ಪಿಗೂ ಜಾಗ ಆಗುತ್ತೆ."

ತೊಟ್ಟಿ ತುಂಬಿತು. ಅಷ್ಟು ಹಿಟ್ಟನ್ನು ಒಬ್ಬರೇ ನಾದುವುದು ಆಗದ ಮಾತು. ಅಕ್ಕ ನೂಕಿದಾಗ ತಮ್ಮ ಎಳೆದ, ತಮ್ಮ ನೂಕಿದಾಗ ಅಕ್ಕ ಎಳೆದಳು. ಉಸಿರಿನ ಗುಟ್ಟನ್ನೂ ಅವಳು ಅವನಿಗೆ ಹೇಳಿಕೊಟ್ಟಳು.

"ಮುಂದಿನ ಸಲಾನೂ ನಿನ್ನ ಪಕ್ಷಕ್ಕೆ ನನ್ನ ವೋಟಿಲ್ಲ" ಎಂದ ಅವನು.

"ನನ್ನದೂ ನಿನ್ನದಕ್ಕಿಲ್ಲ. ನಾಳೆ ಕಾರ್ಖಾನೆಗೆ ಹೋಗ್ತೀಯಾ?"

"ನಾನು ಹೋದ್ರೆ ಉಪ್ಪಾಯ್ತು ಅಂತ ಗೋಡೆಗೆ ಹೇಳ್ತೀಯಾ?" ಎಂದು ಅವನು ನೀರು ತರಲು ಹೋದ. ಹೋಗುತ್ತಾ ಸಿಳ್ಳೆ ಹಾಕಿದ. ಈ ಸಲ ಅವಳಿಗೆ ಉರಿಯಲಿಲ್ಲ.

ಆ ದಿನ ಬ್ರೆಡ್ಡು ಎರಡರಷ್ಟಾಯಿತು. ಮಾರಿ ಉಳಿದದ್ದನ್ನು ಬೇಕರಿ ಮುಂದಿನ ಬೆಂಚಿನ ಮೇಲಿಟ್ಟು, ಬಂದವರಿಗೆಲ್ಲ ಬಿಸಿಬಿಸಿಯಾಗಿ ಹಂಚಿದರು. ಹೊಟ್ಟೆಕಿಚ್ಚು ಎಂದವರೂ ಬಂದರು, ಗಾಯಕ್ಕೆ ಉಪ್ಪು ಎಂದವರೂ ಬಂದರು. ಬಾಯಿ ತುಂಬ ಬ್ರೆಡ್ಡಿದ್ದಾಗ ವಾದ ಮಾಡುವುದು ಕಷ್ಟ. ನರ್ಸಮ್ಮ ಒಂದು ಚೂರು ಮುರಿದು ಬಾಯಿಗಿಟ್ಟು, "ಈಗ ಸರಿಯಾಯ್ತು" ಎಂದಷ್ಟೇ ಹೇಳಿದರು.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಈ ಚುನಾವಣೆ ಯಾರದೋ ಬಾಯಿ ಕಟ್ಟಿಸಿರಬಹುದು. ನಿಮ್ಮ ಅಭಿಪ್ರಾಯ ನಿಮ್ಮದೇ ಇರಲಿ, ಅದನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಫೋನಿಗೆ ಮಾತ್ರ ಒಂದು ಡಬ್ಬಿ ಹುಡುಕಿ. ಹಿಟ್ಟು ನಾದುವಾಗಲೋ, ಬಟ್ಟೆ ಒಗೆಯುವಾಗಲೋ, ಬಸ್ಸಿಗೆ ಕಾಯುವಾಗಲೋ, ಉಸಿರನ್ನು ನಿಧಾನವಾಗಿ ಬಿಟ್ಟು ನೋಡಿ. ಒಂದಿಷ್ಟು ನಡೆಯಿರಿ, ಹೊತ್ತಿಗೆ ಸರಿಯಾಗಿ ಮಲಗಿ. ಎದೆ ನೋವು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಮನಸ್ಸಿನ ಭಾರ ವಾರಗಟ್ಟಲೆ ಇಳಿಯದಿದ್ದರೆ ಆರೋಗ್ಯ ಕಾರ್ಯಕರ್ತೆಗೋ ವೈದ್ಯರಿಗೋ ಹೇಳಿಕೊಳ್ಳಿ. ಬದುಕೇ ಬೇಡ ಎನ್ನಿಸಿದರೆ ಒಂದು ದಿನವೂ ಒಬ್ಬರೇ ಕೂರಬೇಡಿ, ಅಂದೇ ಯಾರಿಗಾದರೂ ಹೇಳಿ.

ಮತ್ತೆ ಇವತ್ತೇ, ಮಾತು ಬಿಟ್ಟವರ ಹತ್ತಿರ ಹೋಗಿ ಒಂದು ಸಣ್ಣ ಮಾತಾಡಿ. ರಾಜಕೀಯ ಬೇಡ, ಕ್ಷಮೆಯ ಭಾಷಣವೂ ಬೇಡ. ಊಟ ಆಯ್ತಾ ಎಂದರೂ ಸಾಕು. ಉಪ್ಪಾಯ್ತು ಎಂದರೂ ಸಾಕು.

ಕೇಳ್ತಾ?