ಔಷಧಿಯೇ ಅಲ್ಲದ ಮಾತ್ರೆ

ಅಮ್ಮನ ಮೊಣಕೈ ಕೆಳಗೆ ಅಂಗೈಯಗಲದ ನೀಲಿ ಕಲೆ ಕಂಡು ಅವಳ ಕೈ ಹಿಡಿದು ನೋಡಿದೆ. "ಎಲ್ಲಿ ತಗುಲಿಸ್ಕೊಂಡೆ?" ಎಂದರೆ, "ಎಲ್ಲೂ ಇಲ್ಲ ಕಣೆ, ತಾನಾಗೇ ಬಂತು" ಎಂದಳು. ತಾನಾಗೇ ಬಂದದ್ದೇ ಭಯದ ವಿಷಯ. ಹೃದಯದ ಕವಾಟ ಬದಲಿಸಿದ ಮೇಲೆ ಆರು ವರ್ಷದಿಂದ ಅವಳು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾಳೆ. ಅದರ ಪ್ರಭಾವ ಹದ ಮೀರಿದರೆ ರಕ್ತ ಎಲ್ಲೆಂದರಲ್ಲಿ, ತಲೆಯೊಳಗೂ, ಸೋರಬಹುದು.

ನಾನು ಔಷಧಿ ಅಂಗಡಿಯವಳು. ಕೌಂಟರಿಗೆ ಬಂದವರನ್ನೆಲ್ಲ "ಬೇರೆ ಏನೇನು ತಗೋತಿದ್ದೀರಿ?" ಎಂದು ಕೇಳಿ ತಲೆ ತಿನ್ನುವವಳು. ಅಮ್ಮನನ್ನು ಕೇಳುವುದೇನು, ಅವಳ ಮಾತ್ರೆ ಡಬ್ಬಿ ತುಂಬಿಸುವವಳೇ ನಾನು. ಎರಡು ತಿಂಗಳ ಹಿಂದೆ ಮಂಡಿನೋವೆಂದು ನರಳುತ್ತಿದ್ದಾಗ ಗ್ಲುಕೋಸಮೈನ್ ಮಾತ್ರೆಯ ಬಿಳಿ ಡಬ್ಬಿಯೊಂದನ್ನು ತಂದುಕೊಟ್ಟೆ. ಹೊಸ ಮಾತ್ರೆಯೆಂದರೆ ಮುಖ ಸಿಂಡರಿಸುವವಳನ್ನು ರಮಿಸಿದ್ದೆ: "ಇದು ಔಷಧೀನೇ ಅಲ್ಲಮ್ಮ. ಅಮೈನೋ ಸಕ್ಕರೆ ಅಂತ, ನಮ್ಮ ಕೀಲಿನ ಮೆತ್ತೆಯಲ್ಲೇ ಇರುತ್ತೆ. ಏಡಿ, ಸೀಗಡಿ ಚಿಪ್ಪಿಂದ ತೆಗೀತಾರೆ."

"ಏಡಿ ಥರ ಅಡ್ಡಡ್ಡ ನಡೆಯೋ ಹಾಗಾದ್ರೆ ನೀನೇ ಹೊಣೆ" ಎಂದು ನಕ್ಕು ನುಂಗಿದ್ದಳು.

ಆಸ್ಪತ್ರೆಯಲ್ಲಿ ವೈದ್ಯೆ ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. ರಕ್ತ ಎಷ್ಟು ತೆಳುವಾಗಿದೆಯೆಂದು ಹೇಳುವ, ಮೂರರ ಆಸುಪಾಸು ಇರಬೇಕಾದ ಸಂಖ್ಯೆ ಏಳು ದಾಟಿತ್ತು. "ಹೊಸದಾಗಿ ಬೇರೆ ಔಷಧಿ ಏನಾದ್ರೂ ಶುರು ಮಾಡಿದ್ರಾ?"

"ಒಂದೂ ಇಲ್ಲ." ಅಮ್ಮ ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿದಳು. "ನನ್ನ ಮಗಳೇ ಔಷಧಿ ಅಂಗಡಿಯವಳು. ಅವಳು ಕೊಡದೆ ನಾನು ಒಂದು ಮಾತ್ರೇನೂ ಬಾಯಿಗೆ ಹಾಕಲ್ಲ."

ಆಗ ಆ ಬಿಳಿ ಡಬ್ಬಿ ಕಣ್ಮುಂದೆ ಬಂತು. ಅದರ ಮೇಲಿನ ಎಚ್ಚರಿಕೆಯನ್ನು ನಾನೇ ಎಷ್ಟು ಜನರಿಗೆ ಓದಿ ಹೇಳಿದ್ದೆ! ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಅಮ್ಮ ಉಳಿಯುತ್ತಿದ್ದಳೋ ಇಲ್ಲವೋ.

"ಗ್ಲುಕೋಸಮೈನ್," ಎಂದೆ. "ನಾನೇ ಕೊಟ್ಟೆ. ಎರಡು ತಿಂಗಳಾಯ್ತು."

"ಅದು ರಕ್ತ ತೆಳು ಮಾಡೋ ಮಾತ್ರೆಯ ಜೋರು ಹೆಚ್ಚಿಸಬಹುದು ಅಂತ ನಿಮಗೆ ಗೊತ್ತಿರ್ಬೇಕಲ್ಲ?" ಎಂದರು ವೈದ್ಯೆ.

ಗೊತ್ತಿತ್ತು. ಅಂಗಡಿಯಲ್ಲಿ ಗೊತ್ತಿದ್ದದ್ದು ಮನೆಯಲ್ಲಿ ಮರೆತುಹೋಗಿತ್ತು.

ಐದು ದಿನ ಅಮ್ಮ ಆಸ್ಪತ್ರೆಯಲ್ಲಿದ್ದಳು. ಅವಳು ಹಣೆ ಮುಟ್ಟಿಕೊಂಡರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ಸಂಖ್ಯೆ ಇಳಿಯಿತು, ಮನೆಗೆ ಬಂದಳು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ಮಾತ್ರೆ, ನೀರು ಕೊಟ್ಟೆ. ಆರು ವರ್ಷ ಕಣ್ಣುಮುಚ್ಚಿ ನುಂಗಿದವಳು ಕನ್ನಡಕ ಹಾಕಿಕೊಂಡು ಮಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಔಷಧೀನಾ?"

"ಹೌದಮ್ಮ."

ಅಮ್ಮ ಅದನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು ಫೋನಿಗೆ ಕೈ ಚಾಚಿದಳು. "ಒಂದ್ನಿಮಿಷ ಇರು, ಡಾಕ್ಟರನ್ನ ಕೇಳ್ತೀನಿ."